4,29,49,67,297: ಒಂದು ದೊಡ್ಡ ಸಂಖ್ಯೆಯನ್ನು ಕಾಗದದ ಮೇಲೆ ಬಿಡಿಸಿ ನೋಡುವ ಬಗೆ

ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಹೀಗೆ ಓದಿ ಮುಗಿಸಿದ ಮೇಲೂ ಈ ಸಂಖ್ಯೆಯ ಬಗ್ಗೆ ನಮಗೆ ಏನೂ ತಿಳಿದಿರುವುದಿಲ್ಲ. ಇದು ಯಾವುದರಿಂದ ಭಾಗವಾಗುತ್ತದೆ? ಅವಿಭಾಜ್ಯವೋ, ಭಾಜ್ಯವೋ? ಎರಡು ವರ್ಗಗಳನ್ನು ಕೂಡಿಸಿ ಇದನ್ನು ಪಡೆಯಬಹುದೇ? ಹೈಸ್ಕೂಲಿನಲ್ಲಿ ಕಲಿತ ಗಣಿತ ಇಟ್ಟುಕೊಂಡೇ ಈ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಬಹುದು. ಈ ಒಂದೇ ಸಂಖ್ಯೆಯನ್ನು ಹಿಡಿದು ಹಂತಹಂತವಾಗಿ ಅದನ್ನೇ ಮಾಡೋಣ.

ಬೇಕಾದದ್ದು ಕಾಗದ, ಪೆನ್ನು ಮತ್ತು ಸುಮಾರು ಎರಡು ಗಂಟೆ ಬಿಡುವು. ಎಂಟು ಅಂಕಿ ತೋರಿಸುವ ಸಾಮಾನ್ಯ ಕ್ಯಾಲ್ಕುಲೇಟರ್ ಇದ್ದರೆ ಅನುಕೂಲ. ನಮ್ಮ ಸಂಖ್ಯೆಗೆ ಹತ್ತು ಅಂಕಿ, ಹಾಗಾಗಿ ಅದು ಆ ಪರದೆಯಲ್ಲಿ ಹಿಡಿಸುವುದಿಲ್ಲ. ಆದರೂ ಹೆಚ್ಚಿನ ಕೆಲಸ ಅದರಲ್ಲೇ ಮುಗಿಯುತ್ತದೆ. ಹೇಗೆಂದು ಮುಂದೆ ನೋಡುತ್ತೀರಿ.

ಹಂತ 1: ಬರೆದುಕೊಳ್ಳಿ, ಬರೆದದ್ದು ಸರಿಯೇ ನೋಡಿ

ಲಕ್ಷ–ಕೋಟಿಯ ಅಲ್ಪವಿರಾಮ ಓದುವುದಕ್ಕೆ ಚೆನ್ನ. ಭಾಗಾಕಾರದ ಪರೀಕ್ಷೆಗಳಿಗೆ ಮಾತ್ರ ಮೂರು ಮೂರು ಅಂಕಿಗಳ ಗುಂಪು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಹಾಳೆಯ ಮೇಲ್ಭಾಗದಲ್ಲಿ ಹೀಗೆ ಇನ್ನೊಮ್ಮೆ ಬರೆದುಕೊಳ್ಳಿ: 4 | 294 | 967 | 297.

ದೊಡ್ಡ ಸಂಖ್ಯೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಲೆಕ್ಕದ್ದಲ್ಲ, ನಕಲು ಮಾಡುವಾಗ ಆಗುವಂಥದ್ದು. 967ರ ಬದಲು 976 ಎಂದು ಕೈ ಬರೆದುಬಿಡುತ್ತದೆ, ಅರ್ಧ ಗಂಟೆಯ ಭಾಗಾಕಾರ ವ್ಯರ್ಥವಾಗುತ್ತದೆ. ಅಂಕಿಗಳನ್ನು ಕೂಡಿಸಿ ನೋಡುವ ಪರೀಕ್ಷೆ ಈ ತಪ್ಪನ್ನು ಹಿಡಿಯದು: 6 ಮತ್ತು 7 ಜಾಗ ಬದಲಿಸಿದರೂ ಮೊತ್ತ 59 ಆಗಿಯೇ ಉಳಿಯುತ್ತದೆ. ಇದಕ್ಕೆ 11ರ ಪರೀಕ್ಷೆ ಬೇಕು. ಬಲಗಡೆಯಿಂದ ಒಂದು ಅಂಕಿ ಕೂಡಿಸಿ, ಮುಂದಿನದನ್ನು ಕಳೆಯುತ್ತಾ ಹೋಗಿ:

7 − 9 + 2 − 7 + 6 − 9 + 4 − 9 + 2 − 4 = −17

−17ಕ್ಕೆ 22 ಕೂಡಿಸಿದರೆ 5. ಅಂದರೆ ನಮ್ಮ ಸಂಖ್ಯೆಯನ್ನು 11ರಿಂದ ಭಾಗಿಸಿದರೆ ಶೇಷ 5. ಅಂಕಿಗಳು ಅದಲುಬದಲಾದ ಸಂಖ್ಯೆ ನಿಮ್ಮ ಹಾಳೆಯಲ್ಲಿದ್ದರೆ ಇಲ್ಲಿ 7 ಬರುತ್ತಿತ್ತು. ಪ್ರತಿಸಲ ಸಂಖ್ಯೆಯನ್ನು ಹೊಸ ಹಾಳೆಗೆ ಇಳಿಸಿದಾಗ ಇದೊಂದನ್ನು ಮಾಡಿ ಮುಂದೆ ಹೋಗಿ.

ಹಂತ 2: ಸಣ್ಣ ಭಾಜಕಗಳನ್ನು ಬೇಗ ಮುಗಿಸಿ

ಕೊನೆಯ ಅಂಕಿ 7, ಆದ್ದರಿಂದ 2 ಮತ್ತು 5 ಇಲ್ಲ. ಅಂಕಿಗಳ ಮೊತ್ತ 59. ಅದನ್ನು 3ರಿಂದ ಭಾಗಿಸಿದರೆ 2 ಉಳಿಯುತ್ತದೆ, 3 ಕೂಡ ಇಲ್ಲ. 11 ಆಗಲೇ ಹೋಯಿತು.

7 ಮತ್ತು 13ಕ್ಕೆ ಒಂದೇ ಏಟಿನ ಉಪಾಯವಿದೆ. 7 × 11 × 13 = 1001. ಹಾಗಾಗಿ ಮೂರಂಕಿ ಗುಂಪುಗಳನ್ನು ಬಲದಿಂದ ಒಂದು ಬಿಟ್ಟು ಒಂದರಂತೆ ಕೂಡಿಸಿ ಕಳೆದರೆ ಸಾಕು: 297 − 967 + 294 − 4 = −380. ಇದಕ್ಕೆ 385 ಕೂಡಿಸಿದರೆ 5; 7ರ ಶೇಷ 5. 390 ಕೂಡಿಸಿದರೆ 10. 13ರ ಶೇಷ 10. 385 ಎಂಬುದು 11ರ ಗುಣಕವೂ ಹೌದು, ಅಲ್ಲಿಯೂ 5 ಬಂತು. ಮೊದಲ ಹಂತದ ಲೆಕ್ಕಕ್ಕೆ ಇದು ಸಾಕ್ಷಿ.

ಅದೇ ಗುಂಪುಗಳನ್ನು ಬರೀ ಕೂಡಿಸಿದರೆ 37ರ ಪರೀಕ್ಷೆಯಾಗುತ್ತದೆ, ಏಕೆಂದರೆ 999 = 27 × 37. 4 + 294 + 967 + 297 = 1562. ಮತ್ತೆ 1 + 562 = 563. ಅದರಿಂದ 555 ಕಳೆದರೆ 8. 37 ಕೂಡ ಇಲ್ಲ.

ಇಲ್ಲಿಗೆ ಈ ದಾರಿ ನಿಲ್ಲಿಸಿ. ಸಂಖ್ಯೆಯ ವರ್ಗಮೂಲ 65,536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡುವುದಾದರೆ 6,542 ಭಾಗಾಕಾರಗಳು. ಯಂತ್ರಕ್ಕೆ ಅದು ಕ್ಷಣದ ಕೆಲಸ, ನಮಗೆ ತಿಂಗಳುಗಳ ಕೆಲಸ.

ಹಂತ 3: ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ, ಮತ್ತು ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ. ಭಾಗಿಸಲು ಕೂರುವ ಮೊದಲು ಸಂಖ್ಯೆಯ ಅಕ್ಕಪಕ್ಕ ನೋಡಬೇಕು. ಒಂದು ಕಳೆದರೆ ಏನಾಗುತ್ತದೆ, ಒಂದು ಕೂಡಿಸಿದರೆ ಏನಾಗುತ್ತದೆ, ಹತ್ತಿರದಲ್ಲಿ ಯಾವುದಾದರೂ ವರ್ಗವಿದೆಯೇ.

ನಮ್ಮ ಸಂಖ್ಯೆಯಿಂದ 1 ಕಳೆಯಿರಿ: 4,29,49,67,296. ಕಂಪ್ಯೂಟರ್ ಬಲ್ಲವರಿಗೆ ತಕ್ಷಣ ಗುರುತು ಸಿಗುತ್ತದೆ. ಅದು 65,536ರ ವರ್ಗ, ಅಂದರೆ 2³². ಹಾಗಾದರೆ ನಮ್ಮ ಸಂಖ್ಯೆ 2³² + 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಒಂದು 1, ನಡುವೆ 31 ಸೊನ್ನೆ, ಕೊನೆಗೆ ಇನ್ನೊಂದು 1. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದರಿಂದ ಒಂದು ಎಚ್ಚರಿಕೆ ಕೂಡ ಹುಟ್ಟುತ್ತದೆ. 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ 4,29,49,67,295. ನಮ್ಮ ಸಂಖ್ಯೆ ಅದಕ್ಕಿಂತ 2 ಹೆಚ್ಚು. 32 ಬಿಟ್‌ಗಳ ಚರಾಕ್ಷರದಲ್ಲಿ ಇದನ್ನು ಇಟ್ಟರೆ ಮೇಲಿನ ಬಿಟ್ ಉದುರಿಹೋಗಿ ಉಳಿಯುವುದು 1 ಮಾತ್ರ. ಪ್ರೋಗ್ರಾಂ ಬರೆದು ಪರೀಕ್ಷಿಸುವವರು 64 ಬಿಟ್‌ಗಳ ಚರಾಕ್ಷರವನ್ನೇ ಬಳಸಿ. ಇಲ್ಲದಿದ್ದರೆ ಪ್ರತಿ ಭಾಗಾಕಾರದ ಶೇಷವೂ 1 ಎಂದೇ ಬರುತ್ತದೆ.

ಹುಟ್ಟು ತಿಳಿದರೆ ಇತಿಹಾಸವೂ ತೆರೆದುಕೊಳ್ಳುತ್ತದೆ. 2ರ ಘಾತಾಂಕವಾಗಿ 1, 2, 4, 8, 16 ಇಟ್ಟು ಒಂದು ಕೂಡಿಸಿದರೆ 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯ. 1640ರ ಸುಮಾರಿಗೆ ಪಿಯರ್ ದ ಫರ್ಮಾ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಎಂದು ನಂಬಿ ಪತ್ರಗಳಲ್ಲಿ ಬರೆದ. ಸಾಲಿನ ಆರನೆಯದು ನಮ್ಮ ಸಂಖ್ಯೆ. 1729ರಲ್ಲಿ ಗೋಲ್ಡ್‌ಬಾಕ್ ಈ ಮಾತನ್ನು ಆಯ್ಲರ್‌ನ ಗಮನಕ್ಕೆ ತಂದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ. ಆ ಉತ್ತರವನ್ನು ನಾವೇ ಹುಡುಕಲಿದ್ದೇವೆ, ಹಾಗಾಗಿ ಈಗಲೇ ಹೇಳುವುದಿಲ್ಲ.

ಕೆಳಗಿನ ನೆರೆಯನ್ನೂ ನೋಡಿಬಿಡಿ. 2³² − 1 ಎಂಬುದನ್ನು (2¹⁶ − 1)(2¹⁶ + 1) ಎಂದು ಒಡೆಯಬಹುದು. ಮೊದಲ ಆವರಣವನ್ನು ಮತ್ತೆ ಹಾಗೆಯೇ ಒಡೆಯುತ್ತಾ ಹೋದರೆ ಕೊನೆಗೆ ಸಿಗುವುದು:

4,29,49,67,295 = 3 × 5 × 17 × 257 × 65,537

ನಮ್ಮ ಸಂಖ್ಯೆ ಈ ಗುಣಲಬ್ಧಕ್ಕಿಂತ 2 ಹೆಚ್ಚು. ಆದ್ದರಿಂದ ಈ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2. ಐದನ್ನೂ ಪಟ್ಟಿಯಿಂದ ಹೊಡೆದುಹಾಕಿ. ಮುಖ್ಯವಾಗಿ 257 ಹೋಗಿದ್ದು ಮುಂದೆ ನಮಗೆ ಉಪಕಾರಕ್ಕೆ ಬರುತ್ತದೆ. ಈ ಗುಣಲಬ್ಧಕ್ಕೆ ರೇಖಾಗಣಿತದಲ್ಲೂ ಸ್ಥಾನವಿದೆ. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ 17 ಭುಜಗಳ ನಿಯಮಿತ ಬಹುಭುಜವನ್ನು ರಚಿಸಬಹುದೆಂದು ಗೌಸ್ 1796ರಲ್ಲಿ ಕಂಡುಹಿಡಿದ. ಅದೇ ನಿಯಮದಂತೆ, ರಚಿಸಲು ಸಾಧ್ಯವೆಂದು ಇಂದು ನಮಗೆ ಗೊತ್ತಿರುವ ಬೆಸ ಭುಜಸಂಖ್ಯೆಯ ಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ 4,29,49,67,295 ಭುಜಗಳು.

ಹಂತ 4: ಅವಿಭಾಜ್ಯವೇ ಎಂದು ಭಾಗಿಸದೆ ಕೇಳಿ

ಒಂದು ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದರ ಗುಣಕವಲ್ಲದ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಒಂದು ನಿಯಮ ನಡೆಯುತ್ತದೆ: ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಆ ಅವಿಭಾಜ್ಯದಿಂದಲೇ ಭಾಗಿಸಿದರೆ ಶೇಷ 1. ಇದು ಫರ್ಮಾನ ಕಿರು ಪ್ರಮೇಯ. 7ರ ಮೇಲೆ ನೋಡಿ: 2⁶ = 64, 7ರಿಂದ ಭಾಗಿಸಿದರೆ ಶೇಷ 1.

ನಮ್ಮ ಸಂಖ್ಯೆಯ ಮೇಲೆ 2ನ್ನು ಇಟ್ಟು ನೋಡೋಣ. 2³² ಎಂದರೆ ನಮ್ಮ ಸಂಖ್ಯೆಗಿಂತ ಒಂದು ಕಡಿಮೆ; ಶೇಷ −1 ಎನ್ನಬಹುದು. ಅದರ ವರ್ಗ 2⁶⁴, ಶೇಷ +1. ನಮಗೆ ಬೇಕಾದ ಘಾತಾಂಕ 4,29,49,67,296. ಅದು 64ರ ಗುಣಕ. ಆದ್ದರಿಂದ ಶೇಷ 1 ಬಂದೇ ಬರುತ್ತದೆ. ಪರೀಕ್ಷೆ ಪಾಸು! ಆದರೆ ಈ ಪಾಸಿಗೆ ಬೆಲೆಯಿಲ್ಲ. ಇದೇ ಸಾಲಿನ ಯಾವ ಸಂಖ್ಯೆಯಾದರೂ, ಅವಿಭಾಜ್ಯವಿರಲಿ ಇಲ್ಲದಿರಲಿ, 2ರ ಪರೀಕ್ಷೆಯಲ್ಲಿ ಇದೇ ಉತ್ತರ ಕೊಡುತ್ತದೆ. ಸಂಖ್ಯೆಯನ್ನು ಕಟ್ಟಿರುವುದೇ 2ರಿಂದ, ಅದನ್ನು 2ರಿಂದಲೇ ಪರೀಕ್ಷಿಸಿದರೆ ಹೊಸದೇನೂ ತಿಳಿಯುವುದಿಲ್ಲ.

3 ಇಟ್ಟು ನೋಡಿ. ಘಾತಾಂಕ 2³² ಆಗಿರುವುದರಿಂದ 3ನ್ನು ಸತತವಾಗಿ 32 ಬಾರಿ ವರ್ಗ ಮಾಡುತ್ತಾ, ಪ್ರತಿ ಬಾರಿ ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡರೆ ಸಾಕು. ಮೊದಲ ನಾಲ್ಕು ಸುಲಭ: 9, 81, 6,561, 4,30,46,721. ಐದನೆಯದರಲ್ಲಿ ವರ್ಗ ನಮ್ಮ ಸಂಖ್ಯೆಯನ್ನು ಮೀರುತ್ತದೆ. ಭಾಗಿಸಿದರೆ ಶೇಷ 3,79,32,01,458. ಹೀಗೆ ಮುಂದುವರಿದರೆ 31ನೆಯ ಬಾರಿ 1,03,24,303 ಮತ್ತು 32ನೆಯ ಬಾರಿ 3,02,90,26,160. ಇದು 1 ಅಲ್ಲ. ಆದ್ದರಿಂದ ನಮ್ಮ ಸಂಖ್ಯೆ ಖಂಡಿತವಾಗಿ ಭಾಜ್ಯ.

32 ವರ್ಗಗಳನ್ನೂ ಕೈಯಲ್ಲಿ ಮಾಡಿ ಎಂದು ಒತ್ತಾಯಿಸುವುದಿಲ್ಲ, ಕೊನೆಯದನ್ನಾದರೂ ಮಾಡಿ ನೋಡಿ. ಒಂದು ಅಪವರ್ತನವೂ ಕೈಗೆ ಸಿಗದೆ, ಸಂಖ್ಯೆ ಒಡೆಯುತ್ತದೆ ಎಂಬುದು ಮಾತ್ರ ಖಚಿತವಾಗುವ ಈ ಸ್ಥಿತಿ ನನಗೆ ಇಂದಿಗೂ ವಿಸ್ಮಯ ತರುತ್ತದೆ.

ಹಂತ 5: ಅಪವರ್ತನ ಹೇಗಿರಬೇಕೆಂದು ಮೊದಲು ತಿಳಿಯಿರಿ, ಆಮೇಲೆ ಹುಡುಕಿ

ಯಾವುದೋ ಒಂದು ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಅದನ್ನು ಪ ಎನ್ನೋಣ. 2, 4, 8, 16 ಎಂದು 2ರ ಘಾತಗಳನ್ನು ಬರೆಯುತ್ತಾ, ಒಂದೊಂದನ್ನೂ ಪ ಇಂದ ಭಾಗಿಸಿ ಶೇಷ ಗುರುತು ಮಾಡಿದರೆ, ಎಲ್ಲೋ ಒಂದು ಕಡೆ 1 ಬಂದು ಮತ್ತೆ ಅದೇ ಶೇಷಗಳು ಸುತ್ತತೊಡಗುತ್ತವೆ. 2³²ರಲ್ಲಿ ಶೇಷ −1, 2⁶⁴ರಲ್ಲಿ 1. ಸುತ್ತಿನ ಉದ್ದ 64ನ್ನು ಭಾಗಿಸಬೇಕು, 32ನ್ನು ಭಾಗಿಸಬಾರದು. ಅಂಥದ್ದು 64 ಒಂದೇ. ಕಿರು ಪ್ರಮೇಯದ ಪ್ರಕಾರ ಸುತ್ತಿನ ಉದ್ದ ಪ − 1ನ್ನು ಭಾಗಿಸಲೇಬೇಕು. ಹಾಗಾದರೆ ಪ ಎಂಬುದು 64ರ ಗುಣಕಕ್ಕೆ ಒಂದು ಕೂಡಿಸಿದ ಸಂಖ್ಯೆ.

ಆಯ್ಲರ್ ಕಂಡದ್ದು ಇಷ್ಟು. 1878ರಲ್ಲಿ ಲ್ಯೂಕಾ ಇದನ್ನು ಇನ್ನೊಂದು ಮೆಟ್ಟಿಲು ಮೇಲೇರಿಸಿದ. 8ರ ಗುಣಕಕ್ಕೆ ಒಂದು ಕೂಡಿಸಿದ ಅವಿಭಾಜ್ಯಗಳಲ್ಲಿ, ವರ್ಗ ಮಾಡಿದರೆ ಶೇಷ 2 ಬರುವ ಸಂಖ್ಯೆಯೊಂದು ಯಾವಾಗಲೂ ಇರುತ್ತದೆ. ಆ ಸಂಖ್ಯೆಯ ಸುತ್ತಿನ ಉದ್ದ 128. ಹಾಗಾಗಿ ಪ ಎಂಬುದು 128ರ ಗುಣಕಕ್ಕೆ ಒಂದು ಕೂಡಿಸಿದ್ದೇ ಆಗಿರಬೇಕು.

ಈಗ ಪಟ್ಟಿ ಮಾಡಿ: 129, 257, 385, 513, 641… 129 = 3 × 43, ಬೇಡ. 257 ಆಗಲೇ ಹೊರಹೋಗಿದೆ. 385 ಐದರ ಗುಣಕ. 513 ಮೂರರ ಗುಣಕ. ಉಳಿದದ್ದು 641. ಆರು ಸಾವಿರಕ್ಕೂ ಹೆಚ್ಚು ಭಾಗಾಕಾರಗಳಿದ್ದ ಜಾಗದಲ್ಲಿ ಮೊದಲ ಭಾಗಾಕಾರವೇ ಇದು.

ಎಂಟಂಕಿ ಕ್ಯಾಲ್ಕುಲೇಟರಿನಲ್ಲೇ ಇದನ್ನು ಮಾಡುವ ವಿಧಾನ ಹೀಗಿದೆ. ಇಡೀ ಸಂಖ್ಯೆಯನ್ನು ಭಾಗಿಸಬೇಡಿ, 2³²ರತ್ತ ಹೆಜ್ಜೆಹೆಜ್ಜೆಯಾಗಿ ಏರುತ್ತಾ ಶೇಷವನ್ನು ಮಾತ್ರ ಹೊತ್ತುಕೊಂಡು ಹೋಗಿ.

2¹⁶ = 65,536. 641 × 102 = 65,382. ಶೇಷ 154.
2³²ಕ್ಕೆ 154ರ ವರ್ಗ: 23,716. 641 × 36 = 23,076. ಶೇಷ 640.
ಒಂದು ಕೂಡಿಸಿ: 641. ಶೇಷ ಸೊನ್ನೆ.

ಸಿಕ್ಕಿತು. ಇನ್ನು ಉದ್ದ ಭಾಗಾಕಾರ ಮಾಡಿದರೆ ಭಾಗಲಬ್ಧ 67,00,417. ಗುಣಿಸಿ ತಾಳೆ ನೋಡಿ: 600 ಪಟ್ಟು 4,02,02,50,200, 40 ಪಟ್ಟು 26,80,16,680, ಒಂದು ಪಟ್ಟು 67,00,417. ಮೂರನ್ನೂ ಕೂಡಿಸಿದರೆ 4,29,49,67,297.

ಈ ಭಾಗಾಕಾರವನ್ನೂ ಮಾಡದೆ 641 ಭಾಗಿಸುತ್ತದೆ ಎಂದು ತೋರಿಸುವ ಒಂದು ದಾರಿಯಿದೆ. ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. 641ನ್ನು ಎರಡು ರೀತಿ ಬರೆಯಿರಿ: 641 = 5 × 2⁷ + 1, ಮತ್ತು 641 = 5⁴ + 2⁴. ಮೊದಲನೆಯದರಿಂದ, 641ರಿಂದ ಭಾಗಿಸಿದಾಗ 5 × 2⁷ಗೆ ಶೇಷ −1. ಇದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರಿಂದ, 5⁴ ಮತ್ತು −2⁴ ಒಂದೇ ಶೇಷ ಕೊಡುತ್ತವೆ. 5⁴ ಇದ್ದಲ್ಲಿ −2⁴ ಇಟ್ಟರೆ −2³²ಕ್ಕೆ ಶೇಷ 1. ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಒಂದು ದೊಡ್ಡ ಗುಣಾಕಾರವೂ ಇಲ್ಲ.

ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಒಡೆಯುವ ವಿಧಾನವನ್ನು ಕಲಿತವರು ಇಲ್ಲಿ ಅದನ್ನು ಪ್ರಯತ್ನಿಸಬೇಡಿ. ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದಾಗ ಅದು ಒಳ್ಳೆಯ ವಿಧಾನ. ಇಲ್ಲಿ ಒಂದು ಮೂರಂಕಿ, ಇನ್ನೊಂದು ಏಳಂಕಿ. ಉತ್ತರ 33,50,529² − 33,49,888². 65,537ರಿಂದ ಶುರುಮಾಡಿ ಅಲ್ಲಿಗೆ ತಲುಪಲು ಮೂವತ್ತೆರಡು ಲಕ್ಷಕ್ಕೂ ಹೆಚ್ಚು ಯತ್ನ ಬೇಕು.

ಹಂತ 6: 67,00,417 ಇನ್ನೂ ಒಡೆಯುತ್ತದೆಯೇ?

ಇಲ್ಲಿಯೂ ಅದೇ ನಿಯಮ ಕೆಲಸಕ್ಕೆ ಬರುತ್ತದೆ. ಇದನ್ನು ಭಾಗಿಸುವ ಅವಿಭಾಜ್ಯ ನಮ್ಮ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ, ಆದ್ದರಿಂದ ಅದೂ 128ರ ಗುಣಕಕ್ಕೆ ಒಂದು ಕೂಡಿಸಿದ್ದೇ ಆಗಿರಬೇಕು. 67,00,417ರ ವರ್ಗಮೂಲ 2588ರಿಂದ 2589ರ ನಡುವೆ. 2588ರೊಳಗೆ ಈ ರೂಪದ ಸಂಖ್ಯೆಗಳು ಇಪ್ಪತ್ತು. ಅವುಗಳಲ್ಲಿ ಅವಿಭಾಜ್ಯ ಐದೇ: 257, 641, 769, 1153, 1409.

ಭಾಗಿಸಿದರೆ ಬರುವ ಶೇಷಗಳು ಕ್ರಮವಾಗಿ 170, 44, 120, 334, 622. ಯಾವುದೂ ಸೊನ್ನೆಯಲ್ಲ. ಏಳಂಕಿಯ ಒಂದು ಸಂಖ್ಯೆ ಅವಿಭಾಜ್ಯವೆಂದು ಐದು ಭಾಗಾಕಾರಗಳಲ್ಲಿ ಸಾಬೀತಾಯಿತು. 257ರದ್ದು ಮೊದಲೇ ಗೊತ್ತಿದ್ದರಿಂದ ನಾಲ್ಕೇ ಸಾಕಿತ್ತು ಎಂದರೂ ಸರಿ.

ಹಂತ 7: ಭಾಜಕಗಳ ಲೆಕ್ಕ

ಅಪವರ್ತನ ಸಿಕ್ಕ ಮೇಲೆ ಇದು ಕೂಡುವ ಕಳೆಯುವ ಕೆಲಸ. ಭಾಜಕಗಳು ನಾಲ್ಕು: 1, 641, 67,00,417 ಮತ್ತು ಸಂಖ್ಯೆ ತಾನೇ. ತನ್ನನ್ನು ಬಿಟ್ಟು ಉಳಿದ ಮೂರರ ಮೊತ್ತ 67,01,059. ಸಂಖ್ಯೆಯ ಮುಂದೆ ಇದು ತೀರ ಚಿಕ್ಕದು, ಹಾಗಾಗಿ ಪರಿಪೂರ್ಣ ಸಂಖ್ಯೆಗಳ ಸಮೀಪಕ್ಕೂ ಇದು ಬರುವುದಿಲ್ಲ. 1ರಿಂದ ಶುರುಮಾಡಿ ಈ ಸಂಖ್ಯೆಯವರೆಗೆ, ಇದರೊಡನೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟು ಎಂದರೆ 640 × 67,00,416 = 4,28,82,66,240.

ಹಂತ 8: ಎರಡು ವರ್ಗಗಳ ಮೊತ್ತ

ಇಲ್ಲಿ ನಿಧಾನಿಸಿ. ನಮ್ಮ ಸಂಖ್ಯೆ 65,536² + 1² ಎಂಬುದು ಅದರ ಹುಟ್ಟಿನಿಂದಲೇ ಗೊತ್ತು. ಬೇರೆ ಜೋಡಿ ಇದೆಯೇ?

ಅಪವರ್ತನಗಳಿಂದ ಶುರುಮಾಡಿ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ, ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ನಮ್ಮ ಎರಡು ಅಪವರ್ತನಗಳೂ ಅಂಥವೇ. 641ರಿಂದ 1, 4, 9, 16 ಕಳೆಯುತ್ತಾ ಹೋಗಿ; 16 ಕಳೆದಾಗ 625 ಉಳಿಯುತ್ತದೆ, ಅದು 25². ಹೀಗೆ 641 = 25² + 4².

67,00,417ಕ್ಕೆ ಹೆಚ್ಚು ತಾಳ್ಮೆ ಬೇಕು, ಆದರೆ ಕೊನೆಯ ಅಂಕಿ ನೋಡಿ ಬಹಳಷ್ಟನ್ನು ಬಿಟ್ಟುಬಿಡಬಹುದು. ಮೊತ್ತ ಬೆಸ ಸಂಖ್ಯೆ, ಆದ್ದರಿಂದ ಜೋಡಿಯಲ್ಲಿ ಒಂದು ಬೆಸ, ಒಂದು ಸಮ. ಬೆಸ ವರ್ಗದ ಕೊನೆಗೆ 1, 5 ಅಥವಾ 9 ಇರುತ್ತದೆ. 7ರಲ್ಲಿ ಕೊನೆಯಾಗುವ ಸಂಖ್ಯೆಯಿಂದ ಇವನ್ನು ಕಳೆದರೆ ಉಳಿದದ್ದರ ಕೊನೆಗೆ 6, 2 ಅಥವಾ 8 ಬರುತ್ತದೆ. 2 ಮತ್ತು 8ರಲ್ಲಿ ಯಾವ ವರ್ಗವೂ ಕೊನೆಯಾಗುವುದಿಲ್ಲ. ಹಾಗಾಗಿ ಬೆಸ ವರ್ಗದ ಕೊನೆಯ ಅಂಕಿ 1 ಆಗಲೇಬೇಕು, ಅಂದರೆ ಬೆಸ ಸಂಖ್ಯೆ 1 ಅಥವಾ 9ರಲ್ಲಿ ಕೊನೆಯಾಗಬೇಕು: 1, 9, 11, 19, 21… ಹೀಗೆ ಹೋದರೆ 82ನೆಯ ಯತ್ನಕ್ಕೆ 409 ಬರುತ್ತದೆ. 409² = 1,67,281. ಕಳೆದರೆ 65,33,136. ಅದರ ವರ್ಗಮೂಲ ಸರಿಯಾಗಿ 2556. ಆದ್ದರಿಂದ 67,00,417 = 2556² + 409².

ಈಗ ಎರಡನ್ನೂ ಬೆಸೆಯಬೇಕು. ಏಳನೆಯ ಶತಮಾನದ ಬ್ರಹ್ಮಗುಪ್ತನ ಹೆಸರಿನಲ್ಲಿ ಪ್ರಸಿದ್ಧವಾದ ನಿತ್ಯಸಮೀಕರಣ ಇದಕ್ಕೆಂದೇ ಇದೆ. ಎರಡು ವರ್ಗಗಳ ಮೊತ್ತವನ್ನು ಇನ್ನೆರಡು ವರ್ಗಗಳ ಮೊತ್ತದಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಅದೂ ಎರಡು ರೀತಿಯಲ್ಲಿ. ನಾಲ್ಕು ಗುಣಾಕಾರ ಮಾಡಿ:

25 × 2556 = 63,900
4 × 409 = 1,636
25 × 409 = 10,225
4 × 2556 = 10,224

ಮೊದಲ ಎರಡನ್ನು ಕೂಡಿಸಿ, ಕೊನೆಯ ಎರಡನ್ನು ಕಳೆಯಿರಿ: 65,536 ಮತ್ತು 1. ನಮಗೆ ಗೊತ್ತಿದ್ದ ಜೋಡಿ! 10,225 ಮತ್ತು 10,224 ಅಕ್ಕಪಕ್ಕ ಬಂದು ನಿಂತಿರುವುದನ್ನು ನೋಡಿ. 2³²ಕ್ಕೆ ಕೂಡಿಸಿದ ಆ ಒಂಟಿ 1 ಇಲ್ಲಿಂದ ಹೊರಬರುತ್ತದೆ. ಈಗ ಮೊದಲ ಎರಡನ್ನು ಕಳೆದು, ಕೊನೆಯ ಎರಡನ್ನು ಕೂಡಿಸಿ: 62,264 ಮತ್ತು 20,449.

62,264² = 3,87,68,05,696
20,449² = 41,81,61,601

ಮೊತ್ತ 4,29,49,67,297. ಇದು ಎರಡನೆಯ ಜೋಡಿ, ಮೂರನೆಯದು ಇಲ್ಲ.

ಈ ದಾರಿಯಲ್ಲಿ ಹಿಂದಕ್ಕೂ ನಡೆಯಬಹುದು. ಯಾರೋ ನಿಮಗೆ ಈ ಎರಡು ಜೋಡಿಗಳನ್ನು ಮಾತ್ರ ಕೊಟ್ಟರು, ಅಪವರ್ತನ ಹೇಳಲಿಲ್ಲ ಎಂದುಕೊಳ್ಳಿ. 65,536² − 62,264² ಮತ್ತು 20,449² − 1² ಎರಡೂ ಒಂದೇ ಆಗಿರಬೇಕು. ಒಡೆಯಿರಿ:

3,272 × 1,27,800 = 20,448 × 20,450

3,272 ಮತ್ತು 20,448ರ ಮ.ಸಾ.ಅ. 8; ಭಾಗಿಸಿದರೆ 409 ಮತ್ತು 2556. 1,27,800 ಮತ್ತು 20,450ರ ಮ.ಸಾ.ಅ. 50, ಭಾಗಿಸಿದರೆ ಮತ್ತೆ 2556 ಮತ್ತು 409. ಆ 8 ಮತ್ತು 50ನ್ನು ಅರ್ಧ ಮಾಡಿ: 4 ಮತ್ತು 25. 4² + 25² = 641. ಒಂದು ಬೆಸ ಸಂಖ್ಯೆಗೆ ಎರಡು ಬೇರೆ ಬೇರೆ ಜೋಡಿ ಸಿಕ್ಕಿದರೆ ಅದು ಅವಿಭಾಜ್ಯವಲ್ಲ ಎಂಬುದಷ್ಟೇ ಅಲ್ಲ, ಒಡೆಯುವ ಕೀಲಿಯೂ ಆ ಜೋಡಿಗಳೊಳಗೇ ಇರುತ್ತದೆ.

ಹಂತ 9: ಅಪವರ್ತನದ ದಶಮಾಂಶ

641 ಕೈಯಲ್ಲಿರುವಾಗ 1ನ್ನು ಅದರಿಂದ ಭಾಗಿಸಿ ನೋಡಿ. ದಶಮಾಂಶದ ನಂತರ 32 ಅಂಕಿಗಳು ಬಂದು ಮತ್ತೆ ಅವೇ ಮರುಕಳಿಸುತ್ತವೆ. ಅವನ್ನು 16 ಅಂಕಿಗಳ ಎರಡು ಸಾಲಾಗಿ ಬರೆಯಿರಿ:

0015600624024960
9984399375975039

ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಜೋಡಿಯಾಗಿ ಕೂಡಿಸಿ. ಪ್ರತಿಯೊಂದೂ 9. ಕಾರಣ ಸರಳ: 10¹⁶ಕ್ಕೆ ಒಂದು ಕೂಡಿಸಿದ ಸಂಖ್ಯೆಯೂ 641ರಿಂದ ಭಾಗವಾಗುತ್ತದೆ. ಹಾಗಾಗಿ ಮೊದಲ 16 ಅಂಕಿ ಕೈಯಲ್ಲಿ ಭಾಗಿಸಿದರೆ ಉಳಿದ 16ನ್ನು 9ರಿಂದ ಕಳೆದು ಬರೆದುಬಿಡಬಹುದು.

ಮುಂದಿನ ಸಂಖ್ಯೆಗೆ

ಇದೇ ಸಾಲಿನ ಮುಂದಿನದು 2⁶⁴ + 1, ಅಂದರೆ 1,84,46,74,40,73,70,95,51,617. 1880ರಲ್ಲಿ ಲಾಂಡ್ರಿ ಇದನ್ನು 2,74,177 ಮತ್ತು 6,72,80,42,13,10,721 ಎಂದು ಒಡೆದ. ಇದರ ಅಪವರ್ತನಗಳು 256ರ ಗುಣಕಕ್ಕೆ ಒಂದು ಕೂಡಿಸಿದವು; 256 × 1071 = 2,74,176 ಎಂದು ಮೊದಲು ತಾಳೆ ನೋಡಿ. ಆಮೇಲೆ ಐದನೆಯ ಹಂತದ ಏಣಿಯನ್ನೇ ಹತ್ತಿ. ಈ ಬಾರಿ ಶೇಷ ದೊಡ್ಡದಾದಾಗ ಭಾಜಕವನ್ನು ಕಳೆದು ಋಣ ಸಂಖ್ಯೆಯಾಗಿ ಬರೆದುಕೊಳ್ಳಿ, ವರ್ಗ ಮಾಡುವಾಗ ಹೊರೆ ಕಡಿಮೆಯಾಗುತ್ತದೆ. 2³²ಕ್ಕೆ ಶೇಷ 2,58,768. ಅದನ್ನು −15,409 ಎಂದು ಇಟ್ಟುಕೊಳ್ಳಿ. ಅದರ ವರ್ಗ 23,74,37,281. 2,74,177ನ್ನು 866ರಿಂದ ಗುಣಿಸಿದರೆ 23,74,37,282. ಇಪ್ಪತ್ತು ಅಂಕಿಯ ಸಂಖ್ಯೆಯೊಂದರ ಭಾಗಾಕಾರ ಒಂಬತ್ತು ಅಂಕಿಯೊಳಗೆ ಮುಗಿಯಿತು: 2⁶⁴ಕ್ಕೆ ಶೇಷ −1, ಒಂದು ಕೂಡಿಸಿದರೆ ಸೊನ್ನೆ.